ಬೆಕ್ಕಿನ ಮರಿಗಳ ಹೊಟ್ಟೆಯ ಹುಳು: ಮನೆಯವರು ತಿಳಿದಿರಬೇಕಾದ ಸಂಗತಿಗಳು

ಮುಂಗಾರಿನ ಮೊದಲ ಮಳೆ ಬಿದ್ದು ಹೈದರಾಬಾದಿನ ಬಿಸಿಲು ತಗ್ಗುವ ಹೊತ್ತಿಗೆ, ನಮ್ಮ ಹಳೆಯ ಬಡಾವಣೆಗಳ ಮನೆಗಳಲ್ಲಿ ಒಂದಲ್ಲ ಒಂದು ಮೂಲೆಯಿಂದ ಬೆಕ್ಕಿನ ಮರಿಗಳ ಕೂಗು ಕೇಳಿಬರುವುದು ವಾಡಿಕೆ. ಕಾಚಿಗುಡ, ಬರ್ಕತ್‌ಪುರ, ನಾರಾಯಣಗುಡಗಳ ಮನೆಗಳಲ್ಲಿ ಅಟ್ಟ, ಮಾಳಿಗೆ, ನೀರಿನ ತೊಟ್ಟಿಯ ಹಿಂಬದಿ ಇವೆಲ್ಲ ತಾಯಿಬೆಕ್ಕಿಗೆ ಹೇಳಿ ಮಾಡಿಸಿದ ಬಾಣಂತಿ ಕೋಣೆಗಳು. ಕಲಬುರಗಿ, ರಾಯಚೂರು, ಬೀದರ ಕಡೆಗಳಿಂದ ಬಂದು ಎರಡು ಮೂರು ತಲೆಮಾರುಗಳಿಂದ ಇಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ಬೆಕ್ಕು ಹೊಸತಲ್ಲ. ಆದರೆ ಅದರ ಮರಿಗಳ ಆರೋಗ್ಯದ ವಿಷಯದಲ್ಲಿ ನಮ್ಮಲ್ಲಿರುವ ತಿಳಿವಳಿಕೆ ಮಾತ್ರ ಬಹಳ ಕಡಿಮೆ. ಇದನ್ನು ನಾವು ನಮ್ಮ ಮನೆಯ ಅನುಭವದಿಂದಲೇ ಹೇಳುತ್ತಿದ್ದೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಅಟ್ಟದಲ್ಲಿ ಒಂದು ಬೀದಿಬೆಕ್ಕು ನಾಲ್ಕು ಮರಿಗಳನ್ನು ಹಾಕಿತು. ಸುಮಾರು ನಾಲ್ಕು ವಾರವಾದಾಗ ಅವುಗಳಲ್ಲಿ ಅತಿ ಚಿಕ್ಕದೊಂದು ಮರಿಯ ಹೊಟ್ಟೆ ಗುಡಾಣದಂತೆ ಉಬ್ಬಿತ್ತು. ಬೆನ್ನುಮೂಳೆ ಮಾತ್ರ ಕೈಗೆ ಸಿಗುತ್ತಿತ್ತು. "ಹಾಲು ಹೆಚ್ಚಾಗಿದೆ, ಅದಕ್ಕೇ ಹೊಟ್ಟೆ ದುಂಡಗಿದೆ" ಎಂದು ಹಿರಿಯರು ನಕ್ಕರು, ನಾವೂ ನಕ್ಕೆವು. ಒಂದು ಬೆಳಿಗ್ಗೆ ಅದು ವಾಂತಿ ಮಾಡಿಕೊಂಡಿತು. ಬೆಂದ ಶ್ಯಾವಿಗೆಯ ಎಳೆಗಳಂತಹ ಹುಳುಗಳು ನೆಲದ ಮೇಲೆ ಸುರುಳಿ ಸುತ್ತುತ್ತಿದ್ದವು. ಗಾಬರಿಯಲ್ಲಿ ನಾವು, ಮೊಮ್ಮಕ್ಕಳಿಗೆಂದು ತಂದಿಟ್ಟಿದ್ದ ಜಂತುಹುಳುವಿನ ಮಾತ್ರೆಯ ಕಾಲು ಭಾಗವನ್ನು ಹಾಲಿನಲ್ಲಿ ಅರೆದು ಕುಡಿಸಿದೆವು. ಎರಡನೆಯ ದಿನ ಮರಿ ಸತ್ತುಹೋಯಿತು. ಸತ್ತದ್ದು ಹುಳುವಿನಿಂದಲೋ ಔಷಧದಿಂದಲೋ ಹೇಳಲಾಗದು ಎಂದು ಪಶುವೈದ್ಯರು ಹೇಳಿದರು. ಉಳಿದ ಮೂರು ಮರಿಗಳು ಅವರ ಚಿಕಿತ್ಸೆಯಿಂದ ಬದುಕಿದವು.

ಅದೇ ಸಮಯದಲ್ಲಿ ನಮ್ಮ ಮಗಳು ಹೆರಿಗೆಗೆಂದು ತವರಿಗೆ ಬಂದಿದ್ದಳು. "ಬಸುರಿ ಇರುವ ಮನೆಯಲ್ಲಿ ಬೆಕ್ಕೆ? ಮೊದಲು ಗೋಣಿಚೀಲದಲ್ಲಿ ಹಾಕಿ ದೂರ ಬಿಟ್ಟುಬನ್ನಿ" ಎಂಬ ಸಲಹೆ ನಾಲ್ಕೂ ಕಡೆಯಿಂದ ಬಂತು. ಆ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಹೆದರಿಕೆ ಎಂಬುದನ್ನು ಅರಿಯಲು ನಾವು ವೈದ್ಯರನ್ನು ಕೇಳಿದೆವು, ಓದಿದೆವು. ಹಾಗೆ ತಿಳಿದುಕೊಂಡುದನ್ನು ಓದುಗರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮೂರು ಬಗೆಯ ಹುಳುಗಳು

ಬೆಕ್ಕಿನ ಮರಿಗಳ ಕರುಳಿನಲ್ಲಿ ಸಾಮಾನ್ಯವಾಗಿ ಕಾಣಸಿಗುವ ಹುಳುಗಳು ಮೂರು ಬಗೆಯವು: ದುಂಡುಹುಳು, ಕೊಕ್ಕೆಹುಳು ಮತ್ತು ಲಾಡಿಹುಳು.

ದುಂಡುಹುಳುವಿನ ಶಾಸ್ತ್ರೀಯ ಹೆಸರು ಟಾಕ್ಸೊಕಾರ ಕ್ಯಾಟಿ. ಬೆಳೆದ ಹುಳು ಹತ್ತು ಸೆಂಟಿಮೀಟರಿನವರೆಗೂ ಉದ್ದವಿರಬಹುದು. ಇದು ಮರಿಗಳಿಗೆ ಬರುವ ದಾರಿ ವಿಚಿತ್ರವಾದುದು. ನಾಯಿಯ ದುಂಡುಹುಳು ತಾಯಿಯ ಗರ್ಭದಲ್ಲಿಯೇ ಮರಿಯನ್ನು ಸೇರುತ್ತದೆ. ಬೆಕ್ಕಿನದು ಹಾಗಲ್ಲ, ಅದು ತಾಯಿಯ ಹಾಲಿನ ಮೂಲಕ ಬರುತ್ತದೆ. ತಾಯಿಬೆಕ್ಕಿನ ಮಾಂಸಖಂಡಗಳಲ್ಲಿ ಸುಮ್ಮನೆ ಮಲಗಿದ್ದ ಡಿಂಬಗಳು, ಅದು ಮರಿ ಹಾಕಿ ಹಾಲೂಡಿಸಲು ತೊಡಗಿದಾಗ ಎಚ್ಚೆತ್ತು ಕೆಚ್ಚಲಿನತ್ತ ಸಾಗುತ್ತವೆ. ತಾಯಿ ನೋಡಲು ಎಷ್ಟೇ ಆರೋಗ್ಯವಾಗಿದ್ದರೂ ಮರಿಗಳಿಗೆ ಹುಳು ಇರಬಹುದು ಎನ್ನುವುದು ಇದಕ್ಕಾಗಿಯೇ. ಇದಲ್ಲದೆ ಮಣ್ಣಿನಲ್ಲಿರುವ ಮೊಟ್ಟೆಗಳಿಂದಲೂ, ಆ ಮೊಟ್ಟೆಗಳನ್ನು ನುಂಗಿದ ಇಲಿಗಳನ್ನು ತಿನ್ನುವುದರಿಂದಲೂ ಇದು ಬರುತ್ತದೆ.

ಕೊಕ್ಕೆಹುಳು ಗಾತ್ರದಲ್ಲಿ ಕಿರಿದು, ಒಂದು ಸೆಂಟಿಮೀಟರಿನಷ್ಟು. ಆದರೆ ಕೆಡುಕಿನಲ್ಲಿ ಹಿರಿದು. ಇದು ಕರುಳಿನ ಗೋಡೆಯನ್ನು ಕಚ್ಚಿ ಹಿಡಿದು ರಕ್ತ ಹೀರುತ್ತದೆ. ಮುನ್ನೂರು ನಾನೂರು ಗ್ರಾಂ ತೂಗುವ ಮರಿಯ ಮೈಯಲ್ಲಿರುವ ರಕ್ತವೇ ಎಷ್ಟು? ಕೆಲವೇ ದಿನಗಳಲ್ಲಿ ಅದು ಬಿಳಿಚಿಕೊಂಡು ಕುಸಿಯಬಹುದು. ಇದರ ಡಿಂಬಗಳು ಒದ್ದೆಯಾದ ಮಣ್ಣಿನಿಂದ ಪಾದದ ಚರ್ಮವನ್ನು ಕೊರೆದುಕೊಂಡೂ ಒಳಸೇರಬಲ್ಲವು. ಮಳೆಗಾಲದ ಒದ್ದೆ ನೆಲ ಇವಕ್ಕೆ ಬಲು ಅನುಕೂಲ.

ಲಾಡಿಹುಳು ಚಪ್ಪಟೆಯಾದ ಲಾಡಿಯಂತೆ ಉದ್ದವಾದುದು. ಅದರ ತುಣುಕುಗಳು ಒಂದೊಂದಾಗಿ ಕಳಚಿ ಮಲದೊಡನೆ ಹೊರಬರುತ್ತವೆ. ಬಾಲದ ಬುಡದಲ್ಲಿ ಅಂಟಿಕೊಂಡ ಅಕ್ಕಿಕಾಳು ಅಥವಾ ಸೌತೆಬೀಜದಂತಹ ತುಣುಕುಗಳು ಕಂಡರೆ ಅದು ಲಾಡಿಹುಳುವೆಂದು ತಿಳಿಯಬೇಕು. ಇದು ಬೆಕ್ಕಿನಿಂದ ಬೆಕ್ಕಿಗೆ ನೇರವಾಗಿ ಬರುವುದಿಲ್ಲ. ನಡುವೆ ಒಬ್ಬ ವಾಹಕ ಬೇಕು. ಮಲೇರಿಯದ ರೋಗಾಣು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯುವುದನ್ನು ರೊನಾಲ್ಡ್ ರಾಸ್ 1897ರ ಆಗಸ್ಟ್ 20ರಂದು ಕಂಡುಕೊಂಡದ್ದು ನಮ್ಮ ಸಿಕಂದರಾಬಾದಿನಲ್ಲಿಯೇ ಎಂಬುದನ್ನು ಓದುಗರು ಬಲ್ಲರು. ಮಲೇರಿಯಕ್ಕೆ ಸೊಳ್ಳೆ ಇದ್ದಂತೆ ಈ ಲಾಡಿಹುಳುವಿಗೆ ಚಿಗಟ. ಚಿಗಟದ ಮರಿಹುಳು ಲಾಡಿಹುಳುವಿನ ಮೊಟ್ಟೆಯನ್ನು ತಿನ್ನುತ್ತದೆ. ಅದು ಬೆಳೆದು ಚಿಗಟವಾಗಿ ಬೆಕ್ಕಿನ ಮೈ ಸೇರುತ್ತದೆ. ಮೈ ನೆಕ್ಕಿಕೊಳ್ಳುವಾಗ ಬೆಕ್ಕು ಆ ಚಿಗಟವನ್ನು ನುಂಗುತ್ತದೆ. ಆದುದರಿಂದ ಚಿಗಟವನ್ನು ಬಿಟ್ಟು ಲಾಡಿಹುಳುವಿಗೆ ಮಾತ್ರ ಔಷಧ ಕೊಟ್ಟರೆ ತಿಂಗಳೊಳಗೆ ಮತ್ತೆ ಅದೇ ಕಥೆ. ಇಲಿ ಹಿಡಿಯುವ ಬೆಕ್ಕಿಗೆ ಇಲಿಯ ಮೂಲಕ ಬರುವ ಇನ್ನೊಂದು ಜಾತಿಯ ಲಾಡಿಹುಳುವೂ ಉಂಟು.

ಗುರುತಿಸುವುದು ಹೇಗೆ?

ಉಬ್ಬಿದ ಹೊಟ್ಟೆ, ಸೊರಗಿದ ಮೈ, ಹೊಳಪಿಲ್ಲದ ಒರಟು ಕೂದಲು, ಆಗಾಗ ಭೇದಿ, ವಾಂತಿ, ತಿಂದರೂ ತೂಕ ಏರದಿರುವುದು ಇವು ದುಂಡುಹುಳುವಿನ ಲಕ್ಷಣಗಳು. ವಸಡು ಗುಲಾಬಿ ಬಣ್ಣ ಕಳೆದುಕೊಂಡು ಬಿಳಿಚಿದ್ದರೆ, ಮಲ ಕಪ್ಪಗೆ ಡಾಂಬರಿನಂತಿದ್ದರೆ ಕೊಕ್ಕೆಹುಳುವನ್ನು ಶಂಕಿಸಬೇಕು; ಆಗ ಒಂದು ದಿನವೂ ಕಾಯಬಾರದು. ಚಿಗಟಗಳು ಮೈತುಂಬ ಇದ್ದರೂ ಮರಿಯ ರಕ್ತ ಹೀಗೆಯೇ ಬರಿದಾಗುತ್ತದೆ.

ಮನೆಯಲ್ಲಿಯೇ ಮಾಡಬಹುದಾದ ಒಂದು ಒಳ್ಳೆಯ ಪರೀಕ್ಷೆಯೆಂದರೆ ತೂಕ ನೋಡುವುದು. ಹುಟ್ಟಿದಾಗ ಬೆಕ್ಕಿನ ಮರಿ ಸುಮಾರು 100 ಗ್ರಾಂ ತೂಗುತ್ತದೆ. ಆಮೇಲೆ ವಾರಕ್ಕೆ ಸುಮಾರು 100 ಗ್ರಾಂನಂತೆ ಏರುತ್ತ ಹೋಗಬೇಕು. ಅಡುಗೆಮನೆಯ ಸಣ್ಣ ತೂಕದ ಯಂತ್ರದ ಮೇಲೆ ಒಂದು ಡಬ್ಬಿಯಲ್ಲಿ ಮರಿಯನ್ನಿಟ್ಟು ಎರಡು ದಿನಕ್ಕೊಮ್ಮೆ ತೂಗಿ ಬರೆದಿಟ್ಟರೆ, ಕಣ್ಣಿಗೆ ಕಾಣುವ ಮೊದಲೇ ತೊಂದರೆ ತಿಳಿಯುತ್ತದೆ. ಹಾಗೆ ಬರೆದಿಟ್ಟಿದ್ದರೆ ನಮ್ಮ ಚಿಕ್ಕ ಮರಿ ಎಂದೋ ಹಿಂದೆ ಬಿದ್ದಿರುವುದು ನಮಗೆ ಗೊತ್ತಾಗುತ್ತಿತ್ತು.

ಮಲದಲ್ಲಿ ಹುಳು ಕಾಣದಿದ್ದ ಮಾತ್ರಕ್ಕೆ ಹೊಟ್ಟೆಯಲ್ಲಿ ಹುಳುವಿಲ್ಲವೆಂದು ಅರ್ಥವಲ್ಲ. ಹೊರಬರುವುದು ಹೆಚ್ಚಾಗಿ ಬರಿಗಣ್ಣಿಗೆ ಕಾಣದ ಮೊಟ್ಟೆಗಳು. ಪಶುವೈದ್ಯರು ಸ್ವಲ್ಪ ಮಲವನ್ನು ಉಪ್ಪು ಅಥವಾ ಸಕ್ಕರೆಯ ದಟ್ಟ ದ್ರಾವಣದಲ್ಲಿ ಕದಡಿಡುತ್ತಾರೆ. ಗಟ್ಟಿ ಉಪ್ಪುನೀರಿನಲ್ಲಿ ಕೋಳಿಮೊಟ್ಟೆ ತೇಲುವಂತೆ ಹುಳುವಿನ ಮೊಟ್ಟೆಗಳೂ ಮೇಲಕ್ಕೆ ತೇಲಿ ಬರುತ್ತವೆ. ಅವನ್ನು ಗಾಜಿನ ಪಟ್ಟಿಯ ಮೇಲೆ ತೆಗೆದುಕೊಂಡು ಸೂಕ್ಷ್ಮದರ್ಶಕದಲ್ಲಿ ನೋಡಿ ಜಾತಿಯನ್ನು ಗುರುತಿಸುತ್ತಾರೆ. ಅದೇ ದಿನದ ಮಲವನ್ನು ಹುಣಸೆಬೀಜದ ಗಾತ್ರದಷ್ಟು ಒಂದು ಶುಚಿಯಾದ ಡಬ್ಬಿಯಲ್ಲಿ ಒಯ್ದರೆ ಸಾಕು. ಲಾಡಿಹುಳುವಿನ ಮೊಟ್ಟೆ ಈ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುವುದುಂಟು. ತುಣುಕು ಸಿಕ್ಕಿದರೆ ಅದನ್ನೂ ಒಯ್ಯಬೇಕು.

ಭೇದಿಯಾದ ಮರಿಗೆಲ್ಲ ಹುಳುವೇ ಕಾರಣವೆಂದು ಭಾವಿಸುವುದೂ ತಪ್ಪು. ಕಾಕ್ಸಿಡಿಯ, ಜಿಯಾರ್ಡಿಯ ಎಂಬ ಏಕಕೋಶ ಜೀವಿಗಳಿಂದಲೂ ಭೇದಿಯಾಗುತ್ತದೆ. ಅವಕ್ಕೆ ಚಿಕಿತ್ಸೆ ಬೇರೆ. ಪ್ಯಾನ್‌ಲ್ಯೂಕೊಪೀನಿಯ ಎಂಬ ವೈರಸ್ ರೋಗವು ವಾಂತಿ ಭೇದಿಗಳಿಂದ ಆರಂಭವಾಗಿ ಮರಿಗಳನ್ನು ಬೇಗನೆ ಕೊಲ್ಲುತ್ತದೆ. ಇನ್ನು ನಾವು ಅಕ್ಕರೆಯಿಂದ ಬಟ್ಟಲಿನಲ್ಲಿಡುವ ಹಸುವಿನ ಹಾಲು, ಎಮ್ಮೆಯ ಹಾಲು ಕೂಡ ಬಹುತೇಕ ಮರಿಗಳಿಗೆ ಜೀರ್ಣವಾಗದೆ ಭೇದಿ ತರುತ್ತವೆ.

ಔಷಧ ಮತ್ತು ಅದರ ಕಾಲ

ದುಂಡುಹುಳು ಮತ್ತು ಕೊಕ್ಕೆಹುಳುಗಳಿಗೆ ಮರಿಗಳಲ್ಲಿ ಹೆಚ್ಚಾಗಿ ಬಳಸುವ ಔಷಧಗಳು ಪೈರಾಂಟೆಲ್ ಮತ್ತು ಫೆನ್‌ಬೆಂಡಜೋಲ್. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್. ಈ ಕೊನೆಯದನ್ನು ಆರು ವಾರಕ್ಕಿಂತ ಚಿಕ್ಕ ಮರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ.

ಮರಿಗೆ ಮೂರು ವಾರ ತುಂಬಿದಾಗ ಮೊದಲ ಔಷಧ. ಆಮೇಲೆ ಎರಡು ವಾರಕ್ಕೊಮ್ಮೆ, ಅಂದರೆ ಐದು, ಏಳು, ಒಂಬತ್ತನೆಯ ವಾರಗಳಲ್ಲಿ. ಅನಂತರ ಆರು ತಿಂಗಳು ತುಂಬುವವರೆಗೆ ತಿಂಗಳಿಗೊಮ್ಮೆ. ಹೊರಗೆ ಅಲೆಯುವ ಬೆಳೆದ ಬೆಕ್ಕಿಗೆ ವರ್ಷಕ್ಕೆ ನಾಲ್ಕು ಸಲವಾದರೂ. ಪಶುವೈದ್ಯರು ಸಾಮಾನ್ಯವಾಗಿ ಹೇಳುವ ಕ್ರಮ ಇದು. ಕೆಲವರು ಎರಡನೆಯ ವಾರದಿಂದಲೇ ಆರಂಭಿಸುತ್ತಾರೆ. ಮರಿಗಳೊಡನೆ ತಾಯಿಬೆಕ್ಕಿಗೂ ಕೊಡಿಸಬೇಕು.

ಒಂದು ಸಲ ಕೊಟ್ಟರೆ ಸಾಲದೆ ಎಂದು ಹಲವರು ಕೇಳುತ್ತಾರೆ. ಔಷಧವು ಕರುಳಿನೊಳಗಿರುವ ಹುಳುಗಳನ್ನು ಮಾತ್ರ ಕೊಲ್ಲುತ್ತದೆ. ಯಕೃತ್ತು, ಶ್ವಾಸಕೋಶಗಳಲ್ಲಿ ಸಂಚರಿಸುತ್ತಿರುವ ಡಿಂಬಗಳು ಅದಕ್ಕೆ ಸಿಗುವುದಿಲ್ಲ. ಅವು ಕೆಲವು ದಿನಗಳ ಮೇಲೆ ಕರುಳಿಗೆ ಬಂದು ಬೆಳೆಯುತ್ತವೆ. ಸಾಲದೆಂಬಂತೆ, ತಾಯಿಯ ಹಾಲಿನಿಂದ ಹೊಸ ಡಿಂಬಗಳು ಬರುತ್ತಲೇ ಇರುತ್ತವೆ. ಹೀಗೆ ಬಂದವು ಬೆಳೆದು ಮೊಟ್ಟೆಯಿಡುವ ಮೊದಲೇ ಮತ್ತೊಮ್ಮೆ ಔಷಧ ಬೀಳಬೇಕು. ಎರಡು ವಾರದ ಲೆಕ್ಕ ಬಂದುದು ಹೀಗೆ. ಔಷಧ ಕೊಟ್ಟ ಒಂದೆರಡು ದಿನ ಮಲದಲ್ಲಿ ಹುಳುಗಳು ಹೊರಬೀಳುವುದು ಸಹಜ, ಅದಕ್ಕೆ ಹೆದರಬೇಕಾದುದಿಲ್ಲ.

ಪ್ರಮಾಣದ ಮಾತು ಅತಿ ಮುಖ್ಯ. ಪೈರಾಂಟೆಲ್‌ಅನ್ನು ಕಿಲೋ ತೂಕಕ್ಕೆ 10 ಮಿಲಿಗ್ರಾಂನಂತೆ ವೈದ್ಯರು ಬರೆದುಕೊಟ್ಟರೆ, ಅರ್ಧ ಕಿಲೋ ಮರಿಗೆ ಬೇಕಾಗುವುದು 5 ಮಿಲಿಗ್ರಾಂ ಮಾತ್ರ. ಮಿಲಿಲೀಟರಿಗೆ 50 ಮಿಲಿಗ್ರಾಂ ಇರುವ ದ್ರಾವಣವಾದರೆ ಅದು 0.1 ಮಿಲಿಲೀಟರ್, ಹೆಚ್ಚೆಂದರೆ ಎರಡು ಹನಿ. ಚಮಚದಲ್ಲಿ ಅಳೆಯುವ ವಸ್ತುವಲ್ಲ ಇದು. ಸೂಜಿ ತೆಗೆದ ಸಣ್ಣ ಸಿರಿಂಜು ಬೇಕು. ಒಂದೊಂದು ಕಂಪನಿಯ ದ್ರಾವಣದ ಸಾಂದ್ರತೆ ಒಂದೊಂದು ಬಗೆ. ಆದುದರಿಂದ ಪ್ರತಿಸಲವೂ ಮರಿಯನ್ನು ತೂಗಿ, ವೈದ್ಯರಿಂದಲೇ ಲೆಕ್ಕ ಹಾಕಿಸಿಕೊಳ್ಳಬೇಕು. ಔಷಧವನ್ನು ಬಾಯಿಯ ಪಕ್ಕದಿಂದ ಮೆಲ್ಲನೆ ಬಿಡಬೇಕು. ತಲೆಯನ್ನು ಹಿಂದಕ್ಕೆ ಬಾಗಿಸಿ ಸುರಿದರೆ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಮೈ ತಣ್ಣಗಾಗಿ ಮುದುಡಿ ಬಿದ್ದ ಮರಿಯ ಬಾಯಿಗೆ ಏನನ್ನೂ ಹಾಕಬಾರದು. ಮೊದಲು ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯಿಂದ ಬೆಚ್ಚಗೆ ಮಾಡುತ್ತ ವೈದ್ಯರ ಬಳಿ ಒಯ್ಯಬೇಕು.

ಮಾಡಬಾರದ ಕೆಲಸಗಳು

ನಾವು ಮಾಡಿದ ತಪ್ಪಿನಿಂದಲೇ ಆರಂಭಿಸೋಣ. ಮಕ್ಕಳಿಗೆ ಕೊಡುವ ಅಲ್ಬೆಂಡಜೋಲ್ ಮಾತ್ರೆಯಲ್ಲಿ 400 ಮಿಲಿಗ್ರಾಂ ಔಷಧವಿರುತ್ತದೆ. ದೇಶದಲ್ಲಿ 2015ರಿಂದ ನಡೆದುಬಂದಿರುವ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಕೊಡುವುದು ಇದನ್ನೇ. ಹನ್ನೆರಡು ಕಿಲೋ ತೂಗುವ ಮಗುವಿಗೆ ಒಂದು ಮಾತ್ರೆಯೆಂದರೆ ಕಿಲೋಗೆ ಸುಮಾರು 33 ಮಿಲಿಗ್ರಾಂ ಆಯಿತು. ನಾವು ಮುನ್ನೂರು ಗ್ರಾಂ ಮರಿಗೆ ಕಾಲು ಮಾತ್ರೆ, ಅಂದರೆ 100 ಮಿಲಿಗ್ರಾಂ ಕುಡಿಸಿದೆವು. ಕಿಲೋಗೆ 333 ಮಿಲಿಗ್ರಾಂ, ಮಗುವಿನದಕ್ಕಿಂತ ಹತ್ತು ಪಟ್ಟು. ಬೆಕ್ಕುಗಳಲ್ಲಿ ಈ ಔಷಧ ಅಸ್ಥಿಮಜ್ಜೆಯನ್ನು ಕುಗ್ಗಿಸಬಲ್ಲುದೆಂದು ನಮಗೆ ತಿಳಿದದ್ದು ಆಮೇಲೆ. "ಕಾಲು ಭಾಗ ತಾನೇ" ಎಂಬ ಅಂದಾಜು ಎಷ್ಟು ಅಪಾಯಕರವೆಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ಎರಡನೆಯದು, ಬೆಳ್ಳುಳ್ಳಿ. ಹುಳುವಿಗೆ ಬೆಳ್ಳುಳ್ಳಿ ಒಳ್ಳೆಯದೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಗಟ್ಟಿಯಾಗಿದೆ. ಆದರೆ ಬೆಳ್ಳುಳ್ಳಿ, ಈರುಳ್ಳಿಗಳು ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕೊಕ್ಕೆಹುಳುವಿನಿಂದ ಮೊದಲೇ ರಕ್ತ ಕಳೆದುಕೊಂಡ ಮರಿಗೆ ಇದು ಗಾಯದ ಮೇಲೆ ಬರೆ.

ಮೂರನೆಯದು, ನಾಯಿಗಳಿಗೆಂದು ಮಾರುವ ಚಿಗಟದ ಔಷಧ. ಅವುಗಳಲ್ಲಿ ಹಲವು ಪರ್ಮೆಥ್ರಿನ್ ಎಂಬ ವಸ್ತುವನ್ನು ಹೊಂದಿರುತ್ತವೆ. ನಾಯಿ ಅದನ್ನು ತಾಳಿಕೊಳ್ಳುತ್ತದೆ, ಬೆಕ್ಕು ತಾಳಲಾರದು. ಸೆಳವು ಬಂದು ಸಾಯಬಹುದು. ಎಳೆಯ ಮರಿಗಳ ಚಿಗಟಕ್ಕೆ ಸಣ್ಣ ಹಲ್ಲಿನ ಹೇನುಬಾಚಣಿಗೆಯಿಂದ ಬಾಚುವುದು, ಹಾಸಿದ ಬಟ್ಟೆಯನ್ನು ಕುದಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕುವುದು ಕ್ಷೇಮ. ಹಾಗೆಯೇ ಜ್ವರವೆಂದು ಪ್ಯಾರಾಸಿಟಮಾಲ್ ಕೊಡುವುದು ಬೆಕ್ಕಿಗೆ ವಿಷ ಕೊಟ್ಟಂತೆ.

ಇಲ್ಲಿ ಭಾಷೆಯ ತೊಡಕೊಂದನ್ನು ಹೇಳಲೇಬೇಕು. "ಹುಳದ ಔಷಧ" ಎಂಬುದನ್ನು ನಾವು ತೆಲುಗಿಗೆ ಅಕ್ಷರಶಃ ತಿರುಗಿಸಿ ಅಂಗಡಿಯಲ್ಲಿ "ಪುರುಗುಲ ಮಂದು" ಎಂದು ಕೇಳಿದರೆ, ಅವರಿಗೆ ಅರ್ಥವಾಗುವುದು ಪೈರಿಗೆ ಹೊಡೆಯುವ ಕೀಟನಾಶಕ! ಪ್ರಾಣಿಗಳ ಜಂತುನಾಶಕಕ್ಕೆ ತೆಲುಗಿನಲ್ಲಿ "ನಟ್ಟಲ ಮಂದು" ಎನ್ನುತ್ತಾರೆ. ಮನೆಗೆಲಸದವರನ್ನೋ ಮಕ್ಕಳನ್ನೋ ಕಳುಹಿಸಿ ಬಾಯಿಮಾತಿನಲ್ಲಿ ತರಿಸುವುದಕ್ಕಿಂತ, ವೈದ್ಯರ ಚೀಟಿಯನ್ನು ನಾವೇ ಒಯ್ದು ತರುವುದು ಲೇಸು.

ಬಸುರಿ, ಎಳೆಯ ಮಕ್ಕಳು ಮತ್ತು ಬೆಕ್ಕು

ಬೆಕ್ಕಿನ ದುಂಡುಹುಳು ಮನುಷ್ಯರಿಗೂ ತೊಂದರೆ ಕೊಡಬಲ್ಲುದು ಎಂಬುದು ನಿಜ. ಮೊಟ್ಟೆಗಳು ಹೊಟ್ಟೆ ಸೇರಿದರೆ ಡಿಂಬಗಳು ಹೊರಬಂದು ಯಕೃತ್ತು, ಶ್ವಾಸಕೋಶಗಳಲ್ಲಿ, ಅಪರೂಪಕ್ಕೆ ಕಣ್ಣಿನಲ್ಲಿ ಅಲೆದಾಡಬಹುದು. ಮಣ್ಣಿನಲ್ಲಿ ಆಡಿ ಕೈಯನ್ನು ಬಾಯಿಗಿಡುವ ಮಕ್ಕಳಿಗೆ ಇದರ ಭಯ ಹೆಚ್ಚು. ಆದರೆ ಒಂದು ಸಂಗತಿಯನ್ನು ಗಮನಿಸಬೇಕು. ಆಗಷ್ಟೇ ಹೊರಬಿದ್ದ ಮಲದಲ್ಲಿರುವ ಮೊಟ್ಟೆ ರೋಗ ತರಲಾರದು. ಮಣ್ಣಿನಲ್ಲಿ ಎರಡರಿಂದ ನಾಲ್ಕು ವಾರ ಬೆಳೆದ ಮೇಲೆಯೇ ಅದಕ್ಕೆ ಆ ಶಕ್ತಿ. ಆದುದರಿಂದ ಮರಿಯನ್ನು ಮುಟ್ಟಿದ್ದರಿಂದಲೇ ರೋಗ ಬರುವುದೆಂಬುದಕ್ಕಿಂತ, ತೆಗೆಯದೆ ಬಿಟ್ಟ ಹಳೆಯ ಮಲವಿರುವ ಮಣ್ಣೇ ಹೆಚ್ಚು ಅಪಾಯಕರ. ದಿನವೂ ಮಲ ತೆಗೆದು ಕಟ್ಟಿ ಕಸಕ್ಕೆ ಹಾಕಿದರೆ ಸರಪಳಿ ಅಲ್ಲಿಗೇ ತುಂಡಾಗುತ್ತದೆ.

ಮಾಳಿಗೆಯ ಮೇಲೆ ಕುಂಡಗಳಲ್ಲಿ ಕೊತ್ತಂಬರಿ, ಪುದೀನ, ತುಳಸಿ ಬೆಳೆಸುವ ಮನೆಗಳು ನಮ್ಮಲ್ಲಿ ಬಹಳ. ಸಡಿಲವಾದ ಮಣ್ಣು ಕಂಡರೆ ಬೆಕ್ಕಿಗೆ ಅದೇ ಪಾಯಿಖಾನೆ. ಮಣ್ಣಿನ ಮೇಲೆ ಬೆಣಚುಕಲ್ಲು ಹರಡುವುದು ಅಥವಾ ಜಾಲರಿ ಹಾಕುವುದು, ಸೊಪ್ಪನ್ನು ಚೆನ್ನಾಗಿ ತೊಳೆದೇ ಬಳಸುವುದು ಅವಶ್ಯ. ಈ ಮೊಟ್ಟೆಗಳ ಚಿಪ್ಪು ಬಲು ಗಟ್ಟಿ. ಫಿನಾಯಿಲು, ಬ್ಲೀಚಿಂಗ್ ಪುಡಿಗಳಿಗೆ ಜಗ್ಗುವುದಿಲ್ಲ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲವು. ಗಾರೆನೆಲವನ್ನು ಉಜ್ಜಿ ತೊಳೆದು ಕುದಿನೀರು ಹೊಯ್ಯುವುದೇ ಪರಿಣಾಮಕಾರಿ.

ಬಸುರಿಯರ ವಿಷಯದಲ್ಲಿ ಹೇಳುವ ಭಯ ಹುಳುವಿನದಲ್ಲ, ಟಾಕ್ಸೊಪ್ಲಾಸ್ಮ ಎಂಬ ಏಕಕೋಶ ಜೀವಿಯದು. ಗರ್ಭಿಣಿಗೆ ಇದು ಮೊದಲ ಬಾರಿ ತಗುಲಿದರೆ ಮಗುವಿಗೆ ಹಾನಿಯಾಗಬಹುದು ಎಂಬುದು ಸತ್ಯ. ಆದರೆ ಇದೂ ಬೆಕ್ಕಿನ ಮಲದಲ್ಲಿ ಕನಿಷ್ಠ ಒಂದು ದಿನ ಕಳೆದ ಮೇಲೆಯೇ ಸೋಂಕು ತರುವುದು. ಸರಿಯಾಗಿ ಬೇಯದ ಮಾಂಸ, ತೊಳೆಯದ ತರಕಾರಿಗಳಿಂದಲೂ ಬರುತ್ತದೆ. ಮಲದ ತಟ್ಟೆಯನ್ನು ಬಸುರಿ ಮುಟ್ಟದೆ ಬೇರೆಯವರು ದಿನವೂ ತೆಗೆಯುವುದು, ಮಣ್ಣಿನ ಕೆಲಸಕ್ಕೆ ಕೈಚೀಲ ತೊಡುವುದು, ಊಟಕ್ಕೆ ಮೊದಲು ಸೋಪಿನಿಂದ ಕೈತೊಳೆಯುವುದು, ಸಂದೇಹವಿದ್ದರೆ ಪ್ರಸೂತಿ ವೈದ್ಯರಿಗೆ ತಿಳಿಸುವುದು ಇಷ್ಟೇ ಬೇಕಾದುದು. ನಮ್ಮ ಮಗಳ ವೈದ್ಯರೂ ಇದನ್ನೇ ಹೇಳಿದರು. ಮಲ ತೆಗೆಯುವ ಕೆಲಸವನ್ನು ನಾವು ವಹಿಸಿಕೊಂಡೆವು. ಬೆಕ್ಕು ಅಟ್ಟದಲ್ಲಿಯೇ ಉಳಿಯಿತು.

ಆಹಾರ ಮತ್ತು ಮುಂದಿನ ದಾರಿ

ಹುಳು ಹೋದ ಮೇಲೆ ಮರಿಗೆ ಒಳ್ಳೆಯ ಆಹಾರ ಬೇಕು. ನಮ್ಮಲ್ಲಿ ಹಲವರು ಸಸ್ಯಾಹಾರಿಗಳು. ಮೊಸರನ್ನವನ್ನೇ ಬೆಕ್ಕಿಗೂ ಇಡುತ್ತೇವೆ. ಬೆಕ್ಕಿನ ದೇಹಕ್ಕೆ ಟಾರಿನ್ ಎಂಬ ಅಂಶ ಅತ್ಯಗತ್ಯ. ಅದು ದೊರೆಯುವುದು ಮಾಂಸ, ಮೀನುಗಳಿಂದ. ಅದಿಲ್ಲದಿದ್ದರೆ ಕಾಲಕ್ರಮದಲ್ಲಿ ಕಣ್ಣು ಹೋಗಬಹುದು, ಹೃದಯ ದುರ್ಬಲವಾಗಬಹುದು. ಮನೆಯಲ್ಲಿ ಮಾಂಸ ತಾರದವರು ಅಂಗಡಿಯಲ್ಲಿ ಸಿಗುವ ಮರಿಗಳ ಸಿದ್ಧ ಆಹಾರವನ್ನು ನೀರಿನಲ್ಲಿ ನೆನೆಸಿ ಕೊಡಬಹುದು. ಅದೂ ಒಪ್ಪಿಗೆಯಾಗದಿದ್ದರೆ ಮರಿಯನ್ನು ಸಾಕಬಲ್ಲ ಬೇರೆ ಮನೆಗೆ ಕೊಡುವುದು ಧರ್ಮ.

ಚಿಕಿತ್ಸೆಗೆ ನಮ್ಮ ನಗರದಲ್ಲಿ ಅನುಕೂಲಗಳಿವೆ. ನಾರಾಯಣಗುಡದಲ್ಲಿ ಸರ್ಕಾರಿ ಸೂಪರ್ ಸ್ಪೆಷಾಲಿಟಿ ಪಶುವೈದ್ಯ ಆಸ್ಪತ್ರೆಯಿದೆ. ರಾಜೇಂದ್ರನಗರದಲ್ಲಿ ಪಶುವೈದ್ಯ ಕಾಲೇಜಿದೆ. ಮರಿಗಳಿಗೆ ಎಂಟು ವಾರದ ಸುಮಾರಿಗೆ ಲಸಿಕೆಗಳು ಆರಂಭವಾಗಬೇಕು. ಮೂರು ತಿಂಗಳಿಗೆ ರೇಬಿಸ್ ಲಸಿಕೆ. ತಾಯಿಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದನ್ನು ಮರೆಯಬಾರದು. ಹಾಲೂಡಿಸುತ್ತಿರುವಾಗಲೇ ಅದು ಮತ್ತೆ ಗರ್ಭ ಧರಿಸಬಲ್ಲುದು. ಮರಿಗಳೂ ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಪ್ರತಿ ಸೂಲಿನಲ್ಲಿಯೂ ಹಾಲಿನೊಡನೆ ಅದೇ ಹುಳು ಹೊಸ ಮರಿಗಳಿಗೆ ಇಳಿಯುತ್ತದೆ.

ನಮ್ಮ ಮೂರು ಮರಿಗಳಲ್ಲಿ ಎರಡು ಪರಿಚಿತರ ಮನೆ ಸೇರಿದವು. ಮೂರನೆಯದು ಇಂದಿಗೂ ನಮ್ಮ ಮನೆಯಲ್ಲಿದೆ. ಅಂದು ಹುಟ್ಟಿದ ಮೊಮ್ಮಗಳು ಅದರ ಒಡನಾಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಮೂರು ತಿಂಗಳಿಗೊಮ್ಮೆ ಜಂತುಹುಳುವಿನ ಔಷಧದ ದಿನವನ್ನು ಗುರುತು ಹಾಕಿಡುವುದು ಈಗ ಅವಳದೇ ಕೆಲಸ. ಸತ್ತುಹೋದ ಚಿಕ್ಕ ಮರಿಗೆ ನಾವು ಕೊಡದೆಹೋದುದು ಸಕಾಲಕ್ಕೆ ಎರಡು ಹನಿ ಔಷಧ, ಒಂದು ಸಲದ ತೂಕ, ವೈದ್ಯರೊಡನೆ ಒಂದು ಮಾತು. ಈ ಮಳೆಗಾಲದಲ್ಲಿ ಯಾರ ಅಟ್ಟದಲ್ಲಾದರೂ ಕೂಗು ಕೇಳಿಸಿದರೆ, ಓದುಗರು ಹಾಲಿನ ಬಟ್ಟಲಿಗಿಂತ ಮೊದಲು ಇದನ್ನು ನೆನೆದಾರೆಂದು ನಂಬಿದ್ದೇವೆ.